ನನಗೆ ಚೆನ್ನಾಗಿ ನೆನಪಿದೆ

ಫೆಬ್ರವರಿ ೪, ಸೋಮವಾರ

ದೊಡ್ಡ ಕೆಲಸ ಬಂದಿದೆ. ಒಂದು ಗಾಯನ ತಂಡಕ್ಕೆ ಮಖಮಲ್ಲಿನ ನಿಲುವಂಗಿಗಳು, ಕಡು ನೀಲಿ, ಪಾದ ಮುಟ್ಟುವಷ್ಟು ಉದ್ದ. ಮೇಡಂ ಬಟ್ಟೆಯ ತುಂಡನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಇದು ನಿಮ್ಮಿಂದ ಮಾತ್ರ ಆಗೋದು" ಎಂದರು. ಉಬ್ಬಿಸುವುದಕ್ಕೆ ಹೇಳಿದ್ದಲ್ಲ. ನಮ್ಮ ಹೊಲಿಗೆ ಕೇಂದ್ರದಲ್ಲಿ ಮಖಮಲ್ ಎಂದರೆ ಉಳಿದವರೆಲ್ಲ ನೂಲು ಹುಡುಕುವವರ ಹಾಗೆ ಮೆಲ್ಲಗೆ ಜಾರಿಕೊಳ್ಳುತ್ತಾರೆ.

ಮಖಮಲ್ಲಿಗೆ ಒಂದು ದಿಕ್ಕಿದೆ. ಅದರ ಮೈಮೇಲಿನ ನವಿರು ಕೂದಲು ಒಂದೇ ಕಡೆಗೆ ಮಲಗಿರುತ್ತದೆ. ಆ ಕಡೆಗೆ ಸವರಿದರೆ ನುಣ್ಣಗೆ, ಎದುರು ಸವರಿದರೆ ಒರಟು. ಒಂದು ಅಂಗಿಯಲ್ಲಿ ಕೂದಲು ಕೆಳಮುಖವಾಗಿ, ಇನ್ನೊಂದರಲ್ಲಿ ಮೇಲ್ಮುಖವಾಗಿ ಬಂದರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ. ಸುತ್ತಿಟ್ಟ ಬಟ್ಟೆಯ ಹೊಸ ಥಾನು ಬಿಚ್ಚಿದಾಗಲೆಲ್ಲ ಕತ್ತರಿ ಹಿಡಿದವರು "ಕೈ ಇಡಿ" ಎನ್ನಬೇಕು. ನಾನು ಅಂಗೈಯಿಂದ ಸವರಿ ನೋಡಿ, ಕೂದಲು ಕೆಳಮುಖವಾಗಿದ್ದರೆ "ಕೆಳಗೆ" ಎನ್ನಬೇಕು. ಆ ಮಾತು ಬೀಳುವ ತನಕ ಕತ್ತರಿ ಆಡುವ ಹಾಗಿಲ್ಲ. ಕಣ್ಣು ಬೆಳಕಿಗೆ ಮೋಸಹೋಗುತ್ತದೆ, ಅಂಗೈ ಹೋಗುವುದಿಲ್ಲ.

ಈ ಸಲ ಕತ್ತರಿಗೆ ನಾದಿನಿಯನ್ನು ಹಾಕಿಕೊಂಡಿದ್ದೇನೆ. ಗಂಡನನ್ನು ಬಿಟ್ಟು ನಮ್ಮ ಮನೆಗೆ ಬಂದು ಒಂದೆರಡು ತಿಂಗಳಾಯಿತು. ನಿಜ ಹೇಳಬೇಕೆಂದರೆ, ತಂಗಿಯನ್ನು ಕರೆದುಕೊಂಡು ಬರಲೇ ಎಂದು ಇವರು ಮೊದಲು ಕೇಳಿದಾಗ ನಾನು ಮುಖ ಊದಿಸಿಕೊಂಡು ಮಾತೇ ಬಿಟ್ಟಿದ್ದೆ. ಇರುವ ಎರಡು ಕೋಣೆಯಲ್ಲಿ ಅವಳನ್ನೆಲ್ಲಿ ತಲೆಮೇಲೆ ಕೂರಿಸಿಕೊಳ್ಳಲಿ ಎಂದು ಜಗಳವನ್ನೂ ತೆಗೆದೆ. ಇವರು ಬೇಡಿಕೊಂಡ ಮೇಲೆ ಒಪ್ಪಿದ್ದು. ಇಲ್ಲಿ ಓದುವವರು ಯಾರಿದ್ದಾರೆ, ಬರೆದರೇನಂತೆ.

ಅವಳ ಗಂಡ ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ಅವಳು ಹೇಳುವುದೇ ಬೇರೆ. "ಬೆಳಿಗ್ಗೆ ಒಂದು ಮಾತು ಅಂತಾರೆ ಅತ್ತಿಗೆ. ಸಾಯಂಕಾಲ ಕೇಳಿದ್ರೆ, ನಾನೆಲ್ಲಿ ಹಾಗಂದೆ, ನಿನಗೆ ತಲೆ ಸರಿಯಿಲ್ಲ ಅಂತಾರೆ. ವರ್ಷಗಟ್ಟಲೆ ಇದೇ. ಕೊನೆಕೊನೆಗೆ ನನ್ನ ಕಿವೀನ ನಾನೇ ನಂಬದ ಹಾಗಾಯ್ತು. ಪೂರ್ತಿ ಹುಚ್ಚು ಹಿಡಿಯೋಕೆ ಮುಂಚೆ ಎದ್ದು ಬಂದೆ." ಮಾರ್ಚಿಯಲ್ಲಿ ಮೇಡಂ ಅವಳನ್ನು ಕಾಯಂ ಮಾಡಿಕೊಂಡರೆ ಹತ್ತಿರದಲ್ಲೇ ಒಂದು ಕೋಣೆ ಹಿಡಿದು ತಾನೊಬ್ಬಳೇ ಇರುತ್ತಾಳಂತೆ. ಅದೊಂದೇ ಧ್ಯಾನ ಅವಳಿಗೆ.

ಬರೆದದ್ದನ್ನು ತಿರುಗಿ ಓದುವ ಚಟ ನನಗಿಲ್ಲ. ಬರೆದರೆ ಮನಸ್ಸು ಹಗುರ, ಅಷ್ಟಕ್ಕೇ ಬರೆಯುವುದು.

ಫೆಬ್ರವರಿ ೯, ಶನಿವಾರ

ನಾದಿನಿಯ ಕೈ ಚೆನ್ನಾಗಿದೆ. ಕತ್ತರಿ ತಡವರಿಸುವುದಿಲ್ಲ. ನಮ್ಮ ಹಳೆಯ ಹೊಲಿಗೆಯವರೊಬ್ಬರಿದ್ದಾರೆ, ಯಂತ್ರದ ಸದ್ದಿಗಿಂತ ಅವರ ಗೊಣಗಾಟವೇ ಜೋರು, ಎಲ್ಲರೂ ಗೊಣಗಣ್ಣ ಎನ್ನುತ್ತೇವೆ. ಅವರೇ ಇವತ್ತು, "ಈಯಮ್ಮ ಕತ್ತರಿಸಿಕೊಟ್ರೆ ಹೊಲಿಯೋಕೆ ಗೊಣಗೋ ಹಾಗೇ ಇಲ್ಲ, ಬೇಜಾರು" ಎಂದರು. ನಾದಿನಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಫೆಬ್ರವರಿ ೧೪, ಗುರುವಾರ

ಎರಡನೆಯ ಥಾನು ಬಿಚ್ಚಿದೆವು. ನನಗೆ ಬೆಳಗಿನಿಂದಲೇ ತಲೆ ಚಿಟ್ಟು ಹಿಡಿದಿತ್ತು. ನನ್ನ ತಂಗಿ ಫೋನು ಮಾಡಿದ್ದಳು. ಅಮ್ಮನನ್ನು ಈ ಬೇಸಿಗೆಗೆ ಯಾರು ಇಟ್ಟುಕೊಳ್ಳುವುದು ಎಂಬ ಅದೇ ಹಳೆಯ ರಾಗ. "ನಿನಗೆ ಯಾವಾಗ್ಲೂ ಕೆಲಸಾನೇ ಅಡ್ಡ ಬರುತ್ತೆ" ಎಂದಳು. ನನಗೆ ರೇಗಿಹೋಯಿತು. ಕಿಟಕಿಯ ಪಕ್ಕ ನಿಂತು ಅವಳಿಗೆ ಸರಿಯಾಗಿ ಜಾಡಿಸುತ್ತಿದ್ದಾಗ ಹಿಂದಿನಿಂದ ನಾದಿನಿ, "ಅತ್ತಿಗೆ, ಕೈ ಇಡಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಎಂದಳು. ನಾನು ಅರ್ಧ ತಿರುಗಿ, "ಕೆಳಗೆ, ಕೆಳಗೆ, ಶುರು ಮಾಡು" ಎಂದು ಕೈ ಬೀಸಿದೆ. ಅಲ್ಲಿಂದಲೇ ಕಾಣಿಸುತ್ತಿತ್ತು. ಇಷ್ಟು ವರ್ಷ ಮಖಮಲ್ ಸವರಿದವಳಿಗೆ ಪ್ರತಿ ಸಲ ಹೋಗಿ ಮುಟ್ಟಲೇಬೇಕೆಂದೇನೂ ಇಲ್ಲ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು, ಆಮೇಲೆ ಕತ್ತರಿಯ ಸದ್ದು ಕೇಳಿಸಿತು.

ತಂಗಿ ಮಾತಿನ ಮಧ್ಯೆ ಫೋನು ಇಟ್ಟುಬಿಟ್ಟಳು. ಇಡಲಿ. ನಾನಾಗಿ ಮಾಡುವುದಿಲ್ಲ.

ಫೆಬ್ರವರಿ ೨೭, ಬುಧವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಇವತ್ತು ಅಳತೆ ನೋಡಲೆಂದು ಹಾಡುವವರೆಲ್ಲ ನಿಲುವಂಗಿ ತೊಟ್ಟು ವೇದಿಕೆ ಹತ್ತಿ ಸಾಲಾಗಿ ನಿಂತರು. ನಾನು, ಮೇಡಂ, ನಾದಿನಿ ಕೆಳಗೆ ಕುರ್ಚಿಗಳ ಮಧ್ಯೆ ನಿಂತಿದ್ದೆವು. ದೀಪ ಹಾಕಿದರು. ಎಡಗಡೆಯವರೆಲ್ಲ ನೀಲಿ, ಬಲಗಡೆಯವರೆಲ್ಲ ಕಪ್ಪು. ಒಂದೇ ಬಟ್ಟೆ, ಒಂದೇ ಬಣ್ಣದ ತೊಟ್ಟಿಯಿಂದ ಬಂದದ್ದು. ಎರಡನೆಯ ಥಾನನ್ನು ಗಿರಣಿಯವರು ತಿರುಗಾಮುರುಗಾ ಸುತ್ತಿದ್ದರು. ಆ ಥಾನಿನಿಂದ ಬಂದ ಅಷ್ಟು ಅಂಗಿಗಳಲ್ಲೂ ಕೂದಲು ಮೇಲ್ಮುಖ. ತೋಳು, ಬೆನ್ನು, ಕೊರಳು ಎಲ್ಲ ಆಕಾರಕ್ಕೆ ಕತ್ತರಿಸಿಯಾಗಿದೆ, ತಿರುಗಿಸಿ ಹೊಲಿಯುವಂತಿಲ್ಲ.

ಮೇಡಂ ದನಿ ಏರಿಸಲಿಲ್ಲ. "ಈ ಥಾನಿಗೆ ಕೈ ಇಟ್ಟಿದ್ದು ಯಾರು?" ಎಂದರು. ನಾದಿನಿ ನನ್ನ ಕಡೆ ನೋಡಿದಳು. ನಾನು ಮಾತು ತೆಗೆಯುವಷ್ಟರಲ್ಲಿ ಮೇಡಂ, "ಹೋಗ್ಲಿ, ಕತ್ತರಿಸಿದ್ದು ಯಾರು?" ಎಂದರು.

"ನಾನು ಮೇಡಂ" ಎಂದಳು ನಾದಿನಿ. ಎಂದು ಮತ್ತೆ ನನ್ನನ್ನು ನೋಡಿದಳು.

ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತು ಬಂದೆವು. ಇಬ್ಬರೂ ತುಟಿ ಬಿಚ್ಚಲಿಲ್ಲ. ಅವಳಾದರೂ ಏನಾದರೂ ಅನ್ನಬಹುದಿತ್ತು.

ಫೆಬ್ರವರಿ ೨೮, ಗುರುವಾರ

ಮೇಡಂ ಊರಿನಲ್ಲಿಲ್ಲ. ಸೋಮವಾರ ಕೂತು ಮಾತಾಡೋಣ ಎಂದು ಹೇಳಿ ಹೋಗಿದ್ದಾರೆ. ಯೋಚಿಸಲು ಸಮಯ ಸಿಕ್ಕಿದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ಜಗಳವಾಡುತ್ತಿರುವವರನ್ನು ಕೆಲಸದ ಮಾತು ಕೇಳಬಾರದು ಎನ್ನುವುದು ಮಕ್ಕಳಿಗೂ ಗೊತ್ತು. ನಾನು ಏನೋ ಅಂದೆ, ಇಲ್ಲವೆನ್ನುವುದಿಲ್ಲ. ಆದರೆ ಮನಸ್ಸೆಲ್ಲ ತಂಗಿಯ ಕಡೆಗಿತ್ತು. ಇವಳು ಕಾಯಬೇಕಿತ್ತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಕತ್ತರಿ ಕೆಳಗಿಟ್ಟು ಕಾಯುತ್ತಿದ್ದೆ.

ಮಾರ್ಚಿ ೪, ಸೋಮವಾರ

ಮೇಡಂ ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದರು. "ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಏನಾಯ್ತು ಅಂತ ಹೇಳಿ, ಸಾಕು" ಎಂದರು.

ನಾನು ಇರುವುದನ್ನು ಇದ್ದ ಹಾಗೆ ಹೇಳಿದೆ. ನಾಲ್ಕು ದಿನದಿಂದ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ್ದರಿಂದ ಈಗ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳು ಕರೆದಾಗ ನಾನು ಫೋನಿಗೆ ಕೈ ಅಡ್ಡ ಹಿಡಿದು "ಇರು, ಬಂದೆ" ಎಂದಿದ್ದೆ. ಅಂದಿರಲೇಬೇಕು. ಈ ಕೆಲಸಕ್ಕೆ ಸೇರಿದಾಗಿನಿಂದ ಕೈಯಿಡದೆ ಮಾತು ಕೊಟ್ಟವಳೇ ಅಲ್ಲ ನಾನು. ಮೇಡಂ ತಲೆಯಾಡಿಸಿದರು. ಹೊಸಬಳು, ಆತುರಪಟ್ಟಳು, ಮನೆಯ ಚಿಂತೆ ಬೇರೆ, ಈ ಸಲ ಹೊಟ್ಟೆಗೆ ಹಾಕಿಕೊಳ್ಳಿ ಎಂದು ನಾನೇ ಬೇಡಿಕೊಂಡೆ. ಬೇರೆ ಯಾರಾದರೂ ಆಗಿದ್ದರೆ ತಮ್ಮ ತಲೆ ಉಳಿಸಿಕೊಂಡು ಎದ್ದು ಬರುತ್ತಿದ್ದರು.

ನಾದಿನಿ ಹಾಳಾದ ಅಂಗಿಯ ಹೊಲಿಗೆ ಬಿಚ್ಚುತ್ತ ಕೂತಿದ್ದಳು. "ನಿನ್ನ ಪರವಾಗಿ ಮಾತಾಡಿ ಬಂದೆ ಕಣೇ" ಎಂದೆ.

"ಏನು ಹೇಳಿದ್ರಿ ಅತ್ತಿಗೆ?"

"ಎಲ್ಲ ಒಳ್ಳೇದೇ ಹೇಳಿದೀನಿ ಬಿಡು."

ಅವಳ ಮುಖ ಅರಳಿತು. ನನಗೂ ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಊಟ ಸೇರಿತು.

ಮಾರ್ಚಿ ೯, ಶನಿವಾರ

ಚಹಾ ಕುಡಿಯುವಾಗ ಗೊಣಗಣ್ಣ ಇದ್ದಕ್ಕಿದ್ದ ಹಾಗೆ, "ಅಕ್ಕ, ಅವತ್ತು ನೀವು ಕಿಟಕಿ ಹತ್ರಾನೇ ಇದ್ರಲ್ಲ. ಶುರು ಮಾಡು ಅನ್ನೋ ಹಾಗೆ ಕೈ ಬೀಸಿದ್ರಿ ಅಂತ ನನ್ನ ನೆನಪು" ಎಂದರು. ನಾದಿನಿ ಕೊಠಡಿಯಲ್ಲಿ ಇರಲಿಲ್ಲ, ಪುಣ್ಯ.

ನನಗೆ ನಗು ಬಂತು. "ಕನ್ನಡಕ ಹಣೆ ಮೇಲೆ ಇಟ್ಕೊಂಡು ಮೇಜಿನಡಿ ಹುಡುಕೋರು ನೀವು. ನಿಮ್ಮ ನೆನಪು ನನಗೆ ಹೇಳ್ತೀರಾ?" ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕು, "ಇರಬಹುದಪ್ಪ, ವಯಸ್ಸಾಯ್ತು" ಎಂದು ಯಂತ್ರದ ಕಡೆ ತಿರುಗಿದರು. ಪಾಪದವರು. ಕೈ ಬೀಸಿದ್ದೇನೋ ಹೌದು. ನಿಲ್ಲಿಸು ಎಂದು ಬೀಸಿದ್ದು. ದೂರದಿಂದ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು.

ಮಾರ್ಚಿ ೧೫, ಶುಕ್ರವಾರ

ಮೇಡಂ ತೀರ್ಮಾನ ಹೇಳಿದರು. ನಾದಿನಿಯನ್ನು ಕಾಯಂ ಮಾಡುವುದಿಲ್ಲ. ತಿಂಗಳ ಕೊನೆಯ ತನಕ ಬರಬಹುದು. "ತಪ್ಪು ಎಲ್ರೂ ಮಾಡ್ತಾರೆ. ಆದ್ರೆ ಇರು ಅಂದ್ಮೇಲೂ ಕತ್ತರಿ ಹಾಕೋರನ್ನ ಹೇಗೆ ಇಟ್ಕೊಳ್ಳಲಿ?" ಎಂದರಂತೆ ಅವಳಿಗೆ. ನನಗೆ ಬಹಳ ಸಂಕಟವಾಯಿತು. ಇಡೀ ದಿನ ಅವಳ ಮುಖ ನೋಡಲಾಗಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಅವಳು ಪಾತ್ರೆ ಒರೆಸುತ್ತಿದ್ದಳು, ನಾನು ತರಕಾರಿ ಹೆಚ್ಚುತ್ತಿದ್ದೆ. "ಅತ್ತಿಗೆ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರದು" ಎಂದಳು.

"ಕೇಳು."

"ಅವತ್ತು ನಾನು ಎರಡು ಸಲ ಕರೆದೆ. ನೀವು ತಿರುಗಿ, ಕೆಳಗೆ, ಶುರು ಮಾಡು ಅಂದ್ರಿ. ನನಗೆ ಹಾಗೇ ಕೇಳಿಸಿದ್ದು. ಈಗ ಮೇಡಂ ನೋಡಿದ್ರೆ, ನೀವು ಇರು ಅಂದ್ರಿ ಅಂತಾರೆ. ಕೆಲಸ ಹೋದ್ರೆ ಹೋಗ್ಲಿ ಅತ್ತಿಗೆ, ಇನ್ನೊಂದು ಹುಡುಕ್ಕೋತೀನಿ. ನೀವು ಏನಂದ್ರಿ ಅನ್ನೋದು ಮಾತ್ರ ನನಗೆ ಗೊತ್ತಾಗಬೇಕು."

ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಹೆಚ್ಚುವುದನ್ನು ನಿಲ್ಲಿಸಿ ಅವಳ ಹತ್ತಿರ ಹೋಗಿ ನಿಧಾನವಾಗಿ ಬಿಡಿಸಿ ಹೇಳಿದೆ. "ಇಲ್ಲ ಕಣೇ. ಇರು, ಬಂದೆ ಅಂದೆ. ಕೈ ಬೀಸಿ ನಿಲ್ಲಿಸು ಅಂತ ಸನ್ನೇನೂ ಮಾಡ್ದೆ. ನಾನು ಫೋನು ಬಿಸಾಕಿ ಓಡಿ ಬರೋಷ್ಟ್ರಲ್ಲಿ ನೀನು ಕತ್ತರಿ ಹಾಕಿಬಿಟ್ಟಿದ್ದೆ. ನನಗೆ ಚೆನ್ನಾಗಿ ನೆನಪಿದೆ."

"ನಿಜವಾಗ್ಲೂ?"

"ನಿನ್ನ ಮೇಲಾಣೆ."

ಅವಳು ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದಳು. ಅದು ಆಗಲೇ ಒಣಗಿತ್ತು. "ನೀವು ಆಣೆ ಇಟ್ಟು ಸುಳ್ಳು ಹೇಳೋರಲ್ಲ" ಎಂದಳು ಆಮೇಲೆ. "ಹಾಗಾದ್ರೆ ನನ್ನ ತಲೇನೇ ಸರಿಯಿಲ್ಲ." ನನಗೆ ಕಣ್ಣು ತುಂಬಿ ಬಂತು. ಅವಳನ್ನು ತಬ್ಬಿಕೊಂಡೆ. ನಮ್ಮ ಮನೆ ಇದೆಯಲ್ಲ, ಎಷ್ಟು ದಿನ ಬೇಕಾದರೂ ಇರು ಎಂದೆ. ಅವಳು ಅಳಲಿಲ್ಲ. ಒಂದು ಸಲ ಅತ್ತಿದ್ದರೆ ಹಗುರವಾಗುತ್ತಿತ್ತು.

ಮಾರ್ಚಿ ೨೦, ಬುಧವಾರ

ಇವಳಿಗೆ ಏನಾಗಿದೆಯೋ ತಿಳಿಯದು. ಬೀಗ ಹಾಕಿ ಹತ್ತು ಹೆಜ್ಜೆ ಬಂದ ಮೇಲೆ, "ಅತ್ತಿಗೆ, ಹಾಕಿದ್ನಾ?" ಎಂದು ಹಿಂದಕ್ಕೆ ಓಡುತ್ತಾಳೆ. ಸಾರಿಗೆ ಉಪ್ಪು ಹಾಕಿ, ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕೇಳುತ್ತಾಳೆ. ನಿನ್ನೆ ಇವರು, "ನೀರು ಕೊಡು ಅಂದೆನಲ್ಲ" ಎಂದರೆ, "ಅಂದ್ರಾ ಅಣ್ಣ? ಸರಿ, ಅಂದಿರ್ತೀರಿ" ಎಂದಳು. ಇವರು ತಮಾಷೆಗೆ ಹೇಳಿದ್ದು, ಕೇಳೇ ಇರಲಿಲ್ಲ. ಅವಳ ಉತ್ತರ ಕೇಳಿ ಇವರ ಮುಖ ಸಣ್ಣದಾಯಿತು. ಆಮೇಲೆ ನನ್ನ ಹತ್ತಿರ ಬಂದು, "ಬಂದಾಗ ಹೀಗಿರಲಿಲ್ಲ ಅವಳು" ಎಂದರು.

ಕೆಲಸ ಹೋದ ಆಘಾತ, ಸರಿಹೋಗುತ್ತಾಳೆ ಎಂದೆ. ಅವಳ ಸಂಕಟ ನನಗೆ ಅರ್ಥವಾಗುವಷ್ಟು ಒಡಹುಟ್ಟಿದವರಿಗೂ ಆಗುವುದಿಲ್ಲ. ಅವಳನ್ನು ಮನೆಗೆ ಕರೆತನ್ನಿ ಎಂದು ಮೊದಲು ಹೇಳಿದ್ದೇ ನಾನು. ಜಾಗ ಇಲ್ಲ, ಅದಿಲ್ಲ ಇದಿಲ್ಲ ಎಂದು ಹಿಂದುಮುಂದು ನೋಡಿದ್ದು ಇವರು. ಇರುವ ಎರಡು ಕೋಣೆಯಲ್ಲೇ ಹೊಂದಿಸಿಕೊಳ್ಳೋಣ ಎಂದು ಒಪ್ಪಿಸಬೇಕಾದರೆ ನನಗೆ ಸಾಕುಸಾಕಾಗಿತ್ತು.

ಮಾರ್ಚಿ ೨೪, ಭಾನುವಾರ

ನಾದಿನಿ ಗಂಡನ ಮನೆಗೆ ವಾಪಸು ಹೋಗುತ್ತಾಳಂತೆ. ತಿಂಡಿ ತಿನ್ನುತ್ತ ಕೂತಿದ್ದಾಗ ಹವಾಮಾನ ಹೇಳುವವಳ ಹಾಗೆ ಹೇಳಿದಳು. ಇವರ ಕೈ ತಟ್ಟೆಯಲ್ಲೇ ನಿಂತಿತು.

"ಅಲ್ಲಿಗ್ಯಾಕೆ? ಹುಚ್ಚು ಹಿಡಿಯೋ ಹಾಗಿತ್ತು ಅಂತ ನೀನೇ ಹೇಳಿದ್ಯಲ್ಲ" ಎಂದರು.

"ಹಿಡಿದೇ ಇತ್ತೇನೋ ಅಣ್ಣ" ಎಂದಳು. "ಅವರು ಹೇಳ್ತಿದ್ದಿದ್ದು ಸುಳ್ಳು ಅಂದ್ಕೊಂಡು ಬಂದೆ. ಅವರೊಬ್ರೇ ಹೇಳಿದ್ರೆ ಬೇರೆ ಮಾತು. ಇಲ್ಲಿ ಅತ್ತಿಗೆ ಮುಂದೇನೂ ಅದೇ ಆಯ್ತು. ಅಂದಿಲ್ಲದ್ದು ನನಗೆ ಕೇಳಿಸ್ತು. ಅತ್ತಿಗೆಗೆ ನನ್ನ ಮೇಲೇನು ದ್ವೇಷ? ಇಬ್ರೂ ಸುಳ್ಳು ಹೇಳ್ತಾರಾ? ಒಬ್ಳೇ ಇರೋಕೆ ನನಗೆ ಭಯ ಅಣ್ಣ. ಒಲೆ ಹಚ್ಚಿಟ್ಟು ಮರೆತ್ರೆ?"

"ಹೋಗೋದು ಬೇಡ. ನಾನು ಕಳಿಸಲ್ಲ" ಎಂದರು ಇವರು. ಅವಳು ತಿಂಡಿ ತಿನ್ನುತ್ತಲೇ ಇದ್ದಳು. ಇವರು ನನ್ನ ಕಡೆ ತಿರುಗಿ, "ನೀನಾದ್ರೂ ಹೇಳು. ನಿನ್ನ ಮಾತು ಕೇಳ್ತಾಳೆ" ಎಂದರು. ಗಂಡ ಹೆಂಡಿರ ನಡುವೆ ತಲೆ ಹಾಕುವುದು ನನ್ನ ಜಾಯಮಾನವಲ್ಲ. "ಅವಳ ಸಂಸಾರ, ಅವಳ ಇಷ್ಟ. ತಡೆಯೋಕೆ ನಾವ್ಯಾರು?" ಎಂದೆ. ನಾದಿನಿ, "ನೋಡಿ, ಅತ್ತಿಗೇನೂ ಹಾಗೇ ಅಂತಾರೆ" ಎಂದು ಎದ್ದು ತಟ್ಟೆ ತೊಳೆಯಲು ಹೋದಳು. ಹೋದವಳು ಅಲ್ಲಿಂದಲೇ, "ಅತ್ತಿಗೆ ಹಾಗಂದ್ರು ಅಲ್ವಾ ಅಣ್ಣ?" ಎಂದು ಕೇಳಿದಳು.

ಏಪ್ರಿಲ್ ೨, ಮಂಗಳವಾರ

ಹೊಸದಾಗಿ ಹೊಲಿದ ಅಂಗಿಗಳನ್ನು ಇವತ್ತು ಕಳಿಸಬೇಕಿತ್ತು. ನಾದಿನಿ ಸ್ನಾನಕ್ಕೆ ಹೋಗಿದ್ದಾಗಲೇ ಹೊರಟುಬಿಟ್ಟೆ, ಹೇಳಿ ಬರಲು ಆಗಲಿಲ್ಲ. ಮೇಡಂ ರಜೆ ಬೇಕಾ ಎಂದು ಕೇಳಿದ್ದರು. ಬೇಡ ಎಂದಿದ್ದೆ. ಬೀಳ್ಕೊಡುವುದು, ಅಳುವುದು ಇವೆಲ್ಲ ನನ್ನಿಂದ ಆಗುವುದಿಲ್ಲ.

ಸಂಜೆ ಬರುವಷ್ಟರಲ್ಲಿ ಅವಳಿದ್ದ ಕೋಣೆ ಗುಡಿಸಿ ಚೊಕ್ಕಟವಾಗಿತ್ತು. ಇವರು ಬಸ್ಸು ಹತ್ತಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದರು. ಊಟ ಬೇಡವೆಂದರು. ಅವಳು ಏನಾದರೂ ಹೇಳಿದಳಾ ಎಂದು ಕೇಳಿದೆ. "ನೀನು ಬರ್ತೀಯೇನೋ ಅಂತ ನೋಡ್ತಾ ಇದ್ಲು" ಎಂದರು.

ಏಪ್ರಿಲ್ ೧೦, ಬುಧವಾರ

ತಂಗಿ ತಾನಾಗಿಯೇ ಫೋನು ಮಾಡಿದಳು. ನಾದಿನಿಯ ವಿಷಯ ಯಾರಿಂದಲೋ ಕಿವಿಗೆ ಬಿದ್ದಿದೆ. "ನೀನು ತಡೀಬಾರದಿತ್ತಾ ಅಕ್ಕ? ಬೇಡ ಅನ್ನಬಾರದಿತ್ತಾ?" ಎಂದಳು. ಅವಳಿಗೇನು ಗೊತ್ತು. ಅವಳ ಬಾಯಿ ಮುಚ್ಚಿಸುವ ಹಾಗೆ ಎಲ್ಲ ಹೇಳಿದೆ. ಅಷ್ಟು ಕೆಲಸ ಇದ್ದರೂ ಬಿಟ್ಟು ಓಡಿದ್ದು, ಬಸ್ಸಿನ ಕಿಟಕಿಯಲ್ಲಿ ಅವಳ ಎರಡೂ ಕೈ ಹಿಡಿದುಕೊಂಡು ಬೇಡ ಕಣೇ, ಇಳಿ ಎಂದು ಬೇಡಿಕೊಂಡದ್ದು, ಬಸ್ಸು ಹೊರಟ ಮೇಲೂ ನಾಲ್ಕು ಹೆಜ್ಜೆ ಜೊತೆಗೆ ಹೋದದ್ದು. ಹೇಳುತ್ತ ಹೇಳುತ್ತ ನಾನೇ ಅತ್ತುಬಿಟ್ಟೆ. ತಂಗಿಯೂ ಅತ್ತಳು. ಅಮ್ಮನನ್ನು ಈ ಬೇಸಿಗೆಗೆ ತಾನೇ ಇಟ್ಟುಕೊಳ್ಳುತ್ತೇನೆ ಎಂದಳು.

ಏಪ್ರಿಲ್ ೨೮, ಭಾನುವಾರ

ನಾದಿನಿಯ ಫೋನು ಬಂತು. ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. ಚೆನ್ನಾಗಿದ್ದೀಯಾ ಎಂದೆ. "ಚೆನ್ನಾಗಿದೀನಿ ಅಂತಾರೆ ಇವರು" ಎಂದಳು. ತಮಾಷೆ ಎಂದುಕೊಂಡು ನಕ್ಕೆ, ಅವಳು ನಗಲಿಲ್ಲ. ಈಗ ಮನೆಯಲ್ಲಿ ಏನಾದರೂ ಮಾಡಬೇಕೆಂದರೆ ಮೊದಲು ಗಂಡನನ್ನು ಕೇಳುತ್ತಾಳಂತೆ. ಹೊರಗೆ ಒಬ್ಬಳೇ ಹೋಗುವುದನ್ನು ಬಿಟ್ಟಿದ್ದಾಳಂತೆ.

ಆಮೇಲೆ, "ಅತ್ತಿಗೆ, ನಾನು ಹೊರಟ ದಿನ ನೀವು ಬಸ್ಸಿನ ಹತ್ರ ಬಂದಿದ್ರಾ?" ಎಂದು ಕೇಳಿದಳು. "ಬರಲಿಲ್ಲ ಅಂತ ನನ್ನ ನೆನಪು. ಬಸ್ಸು ಹೊರಡೋ ತನಕ ಕಾದೆ ಅಂತ ನೆನಪು. ಅದಕ್ಕೇ ಕೇಳ್ತಿದೀನಿ."

"ಬಂದಿದ್ದೆನಲ್ಲೇ. ನಿನ್ನ ಎರಡೂ ಕೈ ಹಿಡ್ಕೊಂಡು, ಹೋಗಬೇಡ, ಇಳಿ ಅಂತ ಎಷ್ಟು ಬೇಡ್ಕೊಂಡೆ. ಅದೂ ಮರೆತುಹೋಯ್ತಾ?"

ಫೋನು ಕೆಟ್ಟಿತೇನೋ ಎಂದುಕೊಂಡೆ.

"ಹೌದಾ" ಎಂದಳು ಕೊನೆಗೆ. "ಸರಿ ಅತ್ತಿಗೆ. ಹಾಗಾದ್ರೆ ಬಂದಿದ್ರಿ." ಫೋನು ಇಟ್ಟಳು.

ಇವರು ಅಲ್ಲೇ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಪಾಪ, ಅವಳ ನೆನಪು ಪೂರ್ತಿ ಕೆಟ್ಟಿದೆ, ಒಳ್ಳೆಯ ಡಾಕ್ಟರಿಗೆ ತೋರಿಸುವಂತೆ ಅವಳ ಗಂಡನಿಗೆ ಹೇಳಿ ಎಂದೆ. ಇವರು ನನ್ನ ಮುಖವನ್ನೇ ನೋಡಿದರು, ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ. ಎದ್ದು ಹೊರಗೆ ಹೋದರು. ಒಡಹುಟ್ಟಿದ ತಂಗಿಯ ವಿಷಯದಲ್ಲಿ ಮನುಷ್ಯ ಇಷ್ಟು ಕಲ್ಲುಮನಸ್ಸಿನವನಾಗಬಾರದು.